ಬರ್ತ್ ಜೊತೆ ಯಾವ ಪದ ಕೂಡುತ್ತೆ, ಯಾವುದು ಕೂಡಲ್ಲ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಇಂಗ್ಲಿಷಿನ ಬರ್ತ್ ಅನ್ನೋ ಪದದ ಜೊತೆ ಏನೇನು ಸೇರುತ್ತೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ? ಬರ್ತ್‌ಡೇ, ಬರ್ತ್ ಸರ್ಟಿಫಿಕೇಟ್ ಎಲ್ಲ ಬಾಯಲ್ಲೇ ಇದೆ, ಆದ್ರೆ ವಾಕ್ಯ ಬರೆಯೋಕೆ ಕೂತ್ರೆ ಗೊಂದಲ ಶುರು. ಟುಕ್ ಬರ್ತ್ ಅಂತ ಬರೀಬಹುದಾ? ಬೈ ಬರ್ತ್, ಅಟ್ ಬರ್ತ್, ಫ್ರಮ್ ಬರ್ತ್ ಮೂರೂ ಒಂದೇನಾ? ಆರೋಗ್ಯದ ಲೇಖನಗಳಲ್ಲಿ ಲೈವ್ ಬರ್ತ್, ಪ್ರೀಟರ್ಮ್ ಬರ್ತ್ ಅಂತೆಲ್ಲ ಬರುತ್ತಲ್ಲ, ಅದೂ ಬೇಕು.

ಉತ್ತರ 1:
ಟುಕ್ ಬರ್ತ್ ಬೇಡ. ನಾವು ಜನ್ಮ ತಾಳಿದ, ಜನ್ಮ ಎತ್ತಿದ ಅಂತೀವಲ್ಲ, ಅದರ ನೆರಳು ಅದು. ವಾಸ್ ಬಾರ್ನ್ ಅಂದ್ರೆ ಸಾಕು. ತಾಯಿ ಕಡೆಯಿಂದ ಹೇಳೋವಾಗ ಗೇವ್ ಬರ್ತ್, ಮುಂದೆ ಮಗುವಿನ ಮಾತು ಬಂದ್ರೆ ಗೇವ್ ಬರ್ತ್ ಟು, ಆ ಟು ಬಿಡ್ಬೇಡಿ. ಒಂದು ಚಳವಳಿ ಹುಟ್ಟಿಗೆ ಕಾರಣ ಆಯ್ತು ಅನ್ನೋದಕ್ಕೂ ಇದೇ ನಡೆಯುತ್ತೆ.

ಆ ಮೂರು ಒಂದೇ ಅಲ್ಲ. ಬೈ ಬರ್ತ್ ಅಂದ್ರೆ ಹುಟ್ಟಿನಿಂದ ಬಂದ ಗುರುತು, ಫ್ರೆಂಚ್ ಬೈ ಬರ್ತ್ ಅನ್ನೋ ಹಾಗೆ. ಅಟ್ ಬರ್ತ್ ಅಂದ್ರೆ ಹುಟ್ಟಿದ ಆ ಗಳಿಗೆ, ವೆಯ್ಟ್ ಅಟ್ ಬರ್ತ್. ಬ್ಲೈಂಡ್ ಫ್ರಮ್ ಬರ್ತ್ ಅಂದಾಗ ಹುಟ್ಟಿದಾಗಿಂದ ಹಾಗೇ ಇದೆ ಅಂತ.

ಉತ್ತರ 2:
ಆರೋಗ್ಯದ್ದು ನಾನು ಹೇಳ್ತೀನಿ, ಇಲ್ಲಿ ಪದದ ಹಿಂದೆ ಅಳತೆ ಇರುತ್ತೆ, ಅದು ಗೊತ್ತಿಲ್ದೆ ಓದಿದ್ರೆ ಅರ್ಥ ತಪ್ಪೋಗುತ್ತೆ. ಗರ್ಭದ 37 ವಾರ ತುಂಬೋಕೆ ಮುಂಚೆ ಹೆರಿಗೆ ಆದ್ರೆ ಪ್ರೀಟರ್ಮ್ ಬರ್ತ್. ಹುಟ್ಟಿದಾಗ ತೂಕ 2,500 ಗ್ರಾಂಗಿಂತ ಕಡಿಮೆ ಇದ್ರೆ ಲೋ ಬರ್ತ್ ವೆಯ್ಟ್. ಎರಡನ್ನೂ ಒಂದೇ ಅಂದ್ಕೊಂಡು ಬರೆಯೋರು ಜಾಸ್ತಿ, ದಯವಿಟ್ಟು ಬೇರೆ ಇಡಿ, ಯಾಕಂದ್ರೆ ತಿಂಗಳು ತುಂಬಿ ಹುಟ್ಟಿದ ಮಗುವಿಗೂ ತೂಕ ಕಡಿಮೆ ಇರಬಹುದು. ಜೀವಂತವಾಗಿ ಹುಟ್ಟಿದ್ದು ಲೈವ್ ಬರ್ತ್. ಶಿಶು ಮರಣ ದರನ 1,000 ಲೈವ್ ಬರ್ತ್‌ಗೆ ಎಷ್ಟು ಅಂತ, ತಾಯಂದಿರ ಮರಣನ 1,00,000ಕ್ಕೆ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಹೊಟ್ಟೆಯಲ್ಲೇ ತೀರಿಕೊಂಡು ಹುಟ್ಟಿದ್ರೆ ಸ್ಟಿಲ್‌ಬರ್ತ್, ಆ ಪದನ ನೋವಲ್ಲಿರೋರ ಮುಂದೆ ಜೋಪಾನವಾಗಿ ಬಳಸಿ. ಮಗು ತಲೆ ಬದಲು ಕಾಲು ಅಥವಾ ಕುಂಡೆ ಮುಂದಾಗಿ ಬಂದ್ರೆ ಬ್ರೀಚ್ ಬರ್ತ್.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಇಬ್ರಿಗೂ. ಬರ್ತ್ ರೇಟ್, ಫರ್ಟಿಲಿಟಿ ರೇಟ್ ಎರಡೂ ಒಂದೇನಾ?

ಉತ್ತರ 2:
ಇಲ್ಲ. ಬರ್ತ್ ರೇಟ್ ಅಂದ್ರೆ ವರ್ಷಕ್ಕೆ 1,000 ಜನಸಂಖ್ಯೆಗೆ ಎಷ್ಟು ಹುಟ್ಟು ಅಂತ. ಟೋಟಲ್ ಫರ್ಟಿಲಿಟಿ ರೇಟ್ ಅಂದ್ರೆ ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಅಂತ, ಸುಮಾರು 2.1 ಇದ್ರೆ ಜನಸಂಖ್ಯೆ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತೆ ಅಂತಾರೆ. ವಯಸ್ಸಾದವರೇ ತುಂಬಿರೋ ದೇಶದಲ್ಲಿ ಬರ್ತ್ ರೇಟ್ ಕಡಿಮೆ ಕಾಣೋದು ಸಹಜ, ಅದಕ್ಕೇ ಎರಡನ್ನೂ ನೋಡ್ತಾರೆ.

ಉತ್ತರ 3:
ಬರ್ತ್ ಕಂಟ್ರೋಲ್, ಅಂದ್ರೆ ಗರ್ಭ ನಿಲ್ಲದ ಹಾಗೆ ನೋಡ್ಕೊಳ್ಳೋದು, ಬಿಟ್ಟುಹೋಯ್ತು, 1914ರಲ್ಲಿ ಅದರ ಪರ ಹೋರಾಡಿದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಮತ್ತೆ ಅವರ ಜೊತೆಗಾರರು ಬಳಕೆಗೆ ತಂದ ಜೋಡಿಪದ ಅದು. ಬರೆಯೋವಾಗ ಇನ್ನೊಂದು ನೋಡ್ಕೊಳ್ಳಿ: ಬರ್ತ್‌ಪ್ಲೇಸ್, ಬರ್ತ್‌ಮಾರ್ಕ್, ಬರ್ತ್‌ರೈಟ್ ಕೂಡಿಸಿ ಬರೀತಾರೆ, ಬರ್ತ್ ಸರ್ಟಿಫಿಕೇಟ್, ಬರ್ತ್ ಆರ್ಡರ್ (ಮಕ್ಕಳು ಹುಟ್ಟಿದ ಕ್ರಮ) ಬಿಡಿಸಿ. ಡೇಟ್ ಆಫ್ ಬರ್ತ್ ಅಂತ ಕೇಳಿದ್ರೆ ಇಸವಿನೂ ಬೇಕು, ಬರ್ತ್‌ಡೇಗೆ ದಿನ ತಿಂಗಳು ಸಾಕು. ಆಮೇಲೆ ಗಿವ್ ಎ ವೈಡ್ ಬರ್ತ್ ಅಂದ್ರೆ ದೂರ ಇರೋದು, ಅದು ಹಡಗಿನವರ ಮಾತು, ಹುಟ್ಟಿಗೂ ಅದಕ್ಕೂ ಸಂಬಂಧ ಇಲ್ಲ, ಸ್ಪೆಲ್ಲಿಂಗಲ್ಲಿ ಐ ಬದಲು ಇ ಬರುತ್ತೆ. ಟ್ರೈನ್ ಬರ್ತಿಗೂ ಅದೇ ಸ್ಪೆಲ್ಲಿಂಗು.