ಮಣ್ಣು ಹಾಳಾದ ಕಡೆಯಿಂದಲೇ ವಲಸೆ ಕಮ್ಮಿ ಅಂತ ಬರ್ತಿದೆ, ಲೆಕ್ಕ ಎಲ್ಲಿ ದಾರಿ ತಪ್ಪಿದೆ?

ಒಣನೆಲ (ಪ್ರಶ್ನೆ):
ಮಳೆಯಾಶ್ರಿತ ಬೇಸಾಯದ ಒಂದು ಪ್ರದೇಶ. 2001ರಿಂದ 2020ರವರೆಗಿನ ಉಪಗ್ರಹದ ಎನ್‌ಡಿವಿಐ, ಅಂದರೆ ಹಸಿರಿನ ಸೂಚ್ಯಂಕ, ಒಂದು ಕಡೆ. ಜನಗಣತಿಯ ವಲಸೆ ಕೋಷ್ಟಕ ಇನ್ನೊಂದು ಕಡೆ. ಹಸಿರು ಇಳಿದಷ್ಟೂ ಊರು ಬಿಡುವವರು ಹೆಚ್ಚಬೇಕು ಅಂತ ನಿರೀಕ್ಷೆ ಇತ್ತು. ಬಂದಿದ್ದು ಉಲ್ಟಾ: ಹಸಿರು ತೀರಾ ಇಳಿದ ಹಳ್ಳಿಗಳಿಂದಲೇ ಹೊರಹೋಗುವವರು ಕಡಿಮೆ. ಇದು ಡೇಟಾದ ದೋಷವೋ, ನಿಜವೋ? ಇನ್ನೊಂದು, ಈ ಅಧ್ಯಯನದ ಪೀಠಿಕೆಯಲ್ಲಿ "2050ಕ್ಕೆ 21.6 ಕೋಟಿ ಹವಾಮಾನ ವಲಸಿಗರು" ಅಂತ ಹಾಕಬಹುದೇ?

ಬದು_ಒಡ್ಡು:
ಎರಡೂ ಇರಬಹುದು. ಮೊದಲು ಕೋಷ್ಟಕ ನೋಡಿ. ಜನಗಣತಿ ಹಿಡಿಯೋದು ವಾಸ ಬದಲಿಸಿದವರನ್ನು. ಸುಗ್ಗಿ ಮುಗಿಸಿ ನಾಲ್ಕು ತಿಂಗಳು ಗುಳೆ ಹೋಗಿ, ಬಿತ್ತನೆ ಹೊತ್ತಿಗೆ ವಾಪಸ್ ಬರುವವರು ಅದರಲ್ಲಿ ಬಹುಪಾಲು ಕಾಣೋದೇ ಇಲ್ಲ. ಹಾಳಾದ ನೆಲದಿಂದ ಹೊರಡುವವರಲ್ಲಿ ಹೆಚ್ಚಿನವರು ಇವರೇ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ 1983–85ರ ಬರದಲ್ಲಿ ಒಟ್ಟು ವಲಸೆ ಏರಲಿಲ್ಲ. ಅಲ್ಪಾವಧಿಯ ಓಡಾಟ ಹೆಚ್ಚಿತು, ಹೆಂಗಸರು ಮಕ್ಕಳು ಜಾಸ್ತಿ ಹೊರಟರು, ಫ್ರಾನ್ಸಿನಂಥ ದೂರದ ದಾರಿ ಕ್ಷೀಣಿಸಿತು. ಪಕ್ಕದ ಬುರ್ಕಿನಾ ಫಾಸೋದಲ್ಲೂ ಹೀಗೇ: ಮಳೆ ಕೈಕೊಟ್ಟಾಗ ಹತ್ತಿರದ ಹಳ್ಳಿಗಳ ಕಡೆ ನಡೆ ಹೆಚ್ಚು, ದೇಶ ದಾಟುವುದು ಕಮ್ಮಿ.

ಕಾರಣ ದುಡ್ಡು. ದೂರ ಹೋಗಲು ಬಸ್ಸು, ಬಾಡಿಗೆ, ಮೊದಲ ತಿಂಗಳ ಊಟ, ಪರಿಚಯದವರು ಎಲ್ಲ ಬೇಕು. ಬೆಳೆ ಹೋದವನ ಕೈಲಿ ಅದಿಲ್ಲ. ಅರ್ಥಶಾಸ್ತ್ರಜ್ಞರಾದ ಕ್ಯಾಟನೇಯೊ ಮತ್ತು ಪೆರಿ 2016ರಲ್ಲಿ ತೋರಿಸಿದ್ದೂ ಇದನ್ನೇ: ತಾಪ ಏರಿದಾಗ ಮಧ್ಯಮ ಆದಾಯದ ದೇಶಗಳಿಂದ ವಲಸೆ ಹೆಚ್ಚುತ್ತೆ, ತೀರಾ ಬಡ ದೇಶಗಳಲ್ಲಿ ತಗ್ಗುತ್ತೆ. ಬ್ರಿಟನ್ ಸರ್ಕಾರದ 2011ರ ಫೋರ್‌ಸೈಟ್ ವರದಿ ಹೀಗೆ ಹೊರಡಲೂ ಆಗದವರನ್ನು "ಸಿಕ್ಕಿಬಿದ್ದ ಜನ" ಅಂತ ಪ್ರತ್ಯೇಕವಾಗಿಯೇ ಗುರುತಿಸಿತು.

ಮಣ್ಣನ್ನೇ ನೇರ ನೋಡಿದರೂ ಒಂದೇ ಉತ್ತರ ಸಿಗಲ್ಲ. ಕ್ಲಾರ್ಕ್ ಗ್ರೇ ಅವರ 2011ರ ಅಧ್ಯಯನದಲ್ಲಿ ಕೀನ್ಯಾದಲ್ಲಿ ಒಳ್ಳೇ ಮಣ್ಣಿದ್ದ ಮನೆಗಳಿಂದ ತಾತ್ಕಾಲಿಕ ಕೂಲಿ ವಲಸೆ ಕಡಿಮೆ. ಉಗಾಂಡದಲ್ಲಿ ಒಳ್ಳೇ ಮಣ್ಣಿದ್ದವರೇ ಹೆಚ್ಚು ಹೊರಟರು. ಒಂದು ಕಡೆ ಮಣ್ಣು ಆಸರೆ, ಇನ್ನೊಂದು ಕಡೆ ಅದೇ ಬಂಡವಾಳ.

ಮೇಲ್ಮಣ್ಣು:
ಮೇಲಿನವರು ಹೇಳಿದ್ದಕ್ಕೆ ಮಣ್ಣಿನ ಕಡೆಯಿಂದ ಸೇರಿಸ್ತೀನಿ. ಸವಕಳಿ ಯಾರನ್ನೂ ನೇರವಾಗಿ ಊರು ಬಿಡಿಸಲ್ಲ, ಅದು ಅಷ್ಟು ನಿಧಾನ. ಹೆಕ್ಟೇರಿಗೆ 1 ಮಿ.ಮೀ. ಮಣ್ಣು ಹೋಯ್ತು ಅಂದರೆ 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ಕೇಳೋಕೆ ದೊಡ್ಡದು, ಹೊಲದಲ್ಲಿ ನಿಂತವನ ಕಣ್ಣಿಗೆ ಏನೂ ಬೀಳಲ್ಲ.

ಏಟು ಬೀಳೋದು ಮಳೆ ನಡುವೆ ಬಿಡುವು ಕೊಟ್ಟಾಗ. ಗಟ್ಟಿ ಪದರದ ಮೇಲೆ 30 ಸೆಂ.ಮೀ. ಮಣ್ಣಿದೆ ಅನ್ನಿ. ಮಧ್ಯಮ ಜಿಗುಟಿನ ಮಣ್ಣು ಒಂದು ಸೆಂ.ಮೀ. ಆಳಕ್ಕೆ ಸುಮಾರು 1.5 ಮಿ.ಮೀ. ಬೆಳೆಗೆ ಸಿಗುವ ನೀರು ಹಿಡಿದಿಡುತ್ತೆ. ಅಂದರೆ 45 ಮಿ.ಮೀ. ತೆನೆ ಕಟ್ಟುವ ಹೊತ್ತಲ್ಲಿ ಬೆಳೆಗೆ ದಿನಕ್ಕೆ 5 ಮಿ.ಮೀ. ಬೇಕಾದರೆ ಈ ದಾಸ್ತಾನು 9 ದಿನ. ಅದರಲ್ಲಿ 10 ಸೆಂ.ಮೀ. ಕೊಚ್ಚಿಹೋದರೆ 30 ಮಿ.ಮೀ., 6 ದಿನ. ಹಿಂದೆ ಎಂಟು ದಿನ ಮಳೆ ನಿಂತರೆ ಬೆಳೆ ಬಾಡಿ ಮತ್ತೆ ಚೇತರಿಸಿಕೊಳ್ತಿತ್ತು. ಈಗ ಅದೇ ಎಂಟು ದಿನಕ್ಕೆ ಕಾಳು ಜೊಳ್ಳು. ಮಳೆ ದಾಖಲೆಯಲ್ಲಿ ಆ ವರ್ಷ "ಸಾಮಾನ್ಯ" ಅಂತಲೇ ಇರುತ್ತೆ. ಮೇಲ್ಮಣ್ಣಿನ ಜೊತೆ ಸಾವಯವ ಅಂಶವೂ ಹೋಗೋದರಿಂದ ವಾಸ್ತವದ ನಷ್ಟ ಈ ಲೆಕ್ಕಕ್ಕಿಂತ ಹೆಚ್ಚು.

ಹಾಗಾಗಿ ನಿಮ್ಮ ಸಮೀಕರಣದಲ್ಲಿ ಸವಕಳಿ ಒಂದು, ಮಳೆ ಒಂದು ಅಂತ ಬೇರೆ ಬೇರೆ ಇಟ್ಟರೆ ಸಾಲದು, ಎರಡರ ಗುಣಲಬ್ಧ ಬೇಕು. ವಾರ್ಷಿಕ ಮಳೆ ಮೊತ್ತ ಬೇಡ. ಹೂ ಬಿಡುವುದರಿಂದ ಕಾಳು ಕಟ್ಟುವವರೆಗಿನ ಅತಿ ದೀರ್ಘ ಒಣ ಅವಧಿ ಎಷ್ಟು ದಿನ ಅಂತ ಎಣಿಸಿ.

ಸವಳಿನ ದಾರಿ ಬೇರೆ. ಲೀಟರಿಗೆ 1 ಗ್ರಾಂ ಉಪ್ಪಿರುವ ನೀರನ್ನು ಒಂದು ಬೆಳೆಗೆ 500 ಮಿ.ಮೀ. ಹಾಯಿಸಿದರೆ ಹೆಕ್ಟೇರಿಗೆ 5 ಟನ್ ಉಪ್ಪು ಬಂದು ಕೂತಂತೆ. ಬಸಿಗಾಲುವೆ ಇಲ್ಲದಿದ್ದರೆ ಅದು ಹೋಗೋದೆಲ್ಲಿಗೆ? ಸಾಲಿನ ದಿಂಡಿನ ನೆತ್ತಿಯಲ್ಲಿ ಬಿಳಿ ಪೊರೆ ಕಾಣ್ತಿದ್ದರೆ, ಮೊಳಕೆ ದಿಂಡಿನ ಮೇಲೆ ಸತ್ತು ಪಕ್ಕದ ಇಳಿಜಾರಿನಲ್ಲಿ ಬದುಕಿದ್ದರೆ ಉಪ್ಪು ಮೇಲೇರಿದೆ ಅಂತ ತಿಳೀರಿ. ಮಣ್ಣಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಏರುತ್ತೆ) ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಯೂನಿಟ್‌ಗೆ ಭತ್ತದ ಇಳುವರಿ ಶೇ 12ರಷ್ಟು ಬೀಳುತ್ತೆ. 6 ಮುಟ್ಟಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯ್ತು. ಬಾರ್ಲಿ 8ರವರೆಗೂ ತಡೆಯುತ್ತೆ.

ಇಲ್ಲಿ ವಲಸೆ ಹೋಗುವವನೂ ಬೇರೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪೇರಿದ ಗದ್ದೆಯ ಮಾಲೀಕ ಅದನ್ನು ಸಿಗಡಿ ಹೊಂಡ ಮಾಡಿಕೊಂಡು ಅಲ್ಲೇ ಉಳಿಯಬಲ್ಲ. ನಾಟಿ, ಕೊಯ್ಲಿಗೆ ಬೇಕಾದಷ್ಟು ಆಳು ಸಿಗಡಿಗೆ ಬೇಡ. ನೆಲ ಕೆಟ್ಟಿದ್ದು ಅವನದು, ಗಂಟುಮೂಟೆ ಕಟ್ಟಿ ಊರು ಬಿಡೋದು ನೆಲವೇ ಇಲ್ಲದ ಕೂಲಿಯವನು. ಜಮೀನಿದ್ದವರ ಮನೆ ಮಾತ್ರ ಸಮೀಕ್ಷೆ ಮಾಡಿದರೆ ಇದು ಕೈತಪ್ಪುತ್ತೆ.

ಪಿಕ್ಸೆಲ್250:
ಎನ್‌ಡಿವಿಐ ಬಗ್ಗೆ. ಹಸಿರು ಇದ್ದ ಮಾತ್ರಕ್ಕೆ ನೆಲ ಆರೋಗ್ಯವಾಗಿದೆ ಅಂತಲ್ಲ. ಗೋಮಾಳ ಹಾಳಾಗಿ ಬಳ್ಳಾರಿ ಜಾಲಿ ಹಬ್ಬಿದರೆ ಉಪಗ್ರಹಕ್ಕೆ ಅದು "ಸುಧಾರಣೆ". ಜನ ಹೋಗಿ ಹೊಲ ಬೀಳುಬಿದ್ದು ಪೊದೆ ಎದ್ದರೂ ಹಸಿರೇ! ಅಂದರೆ ಕಾರಣ-ಪರಿಣಾಮ ತಿರುಗಿರಬಹುದು: ವಲಸೆಯಿಂದಾಗಿ ಹಸಿರು ಹೆಚ್ಚಿದ ಹಳ್ಳಿಗಳು ನಿಮ್ಮ ಕೋಷ್ಟಕದಲ್ಲಿ "ಚೆನ್ನಾಗಿರುವ ನೆಲ, ಹೆಚ್ಚು ವಲಸೆ" ಅಂತ ಕೂತಿವೆ. ಉಲ್ಟಾ ಫಲಿತಾಂಶಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೇ.

ಹೀಗೆ ಮಾಡಿ. ಕೃಷಿ ಭೂಮಿಯ ಪಿಕ್ಸೆಲ್ ಮಾತ್ರ ಉಳಿಸಿಕೊಂಡು ನೀರಾವರಿಯದ್ದನ್ನು ಕಿತ್ತುಹಾಕಿ. ಉಪಗ್ರಹದ ಮೋಡಿಸ್ ಸಂವೇದಕದ 250 ಮೀಟರಿನ 16 ದಿನಗಳ ಚಿತ್ರಗಳಿಂದ ಪ್ರತಿ ಹಂಗಾಮಿನ ಹಸಿರಿನ ಮೊತ್ತ ತೆಗೆದು, ಚಿರ್ಪ್ಸ್ ಎಂಬ ಮಳೆ ದತ್ತಾಂಶದ ಜೊತೆ ಹಿಂಚಲನೆ (ರಿಗ್ರೆಶನ್) ಮಾಡಿ, ಉಳಿಕೆಯ, ಅಂದರೆ ಮಳೆಯಿಂದ ವಿವರಿಸಲಾಗದೆ ಉಳಿದ ಹಸಿರಿನ, ಪ್ರವೃತ್ತಿ ನೋಡಿ. ಮಳೆಯಿಂದಾದ ಏರಿಳಿತ ಅಲ್ಲಿಗೆ ಬಹುಪಾಲು ಕಳೆಯುತ್ತೆ. ನೆನಪಿರಲಿ, ನೆಲ ತೀರಾ ಕೆಟ್ಟ ಕಡೆ ಮಳೆಗೂ ಹಸಿರಿಗೂ ಇರುವ ಸಂಬಂಧವೇ ಮುರಿದಿರುತ್ತೆ, ಅಲ್ಲಿ ಈ ವಿಧಾನ ಕೈಕೊಡುತ್ತೆ. ಚಿರ್ಪ್ಸ್‌ನ ಒಂದು ಚೌಕ ಸುಮಾರು 5 ಕಿ.ಮೀ.; ಪಕ್ಕಪಕ್ಕದ ಹಳ್ಳಿಗಳಿಗೆ ಒಂದೇ ಮಳೆ ಅಂಕಿ ಬರೋದರಿಂದ ಅಂದಾಜಿನ ದೋಷಾಂಶವನ್ನು (ಸ್ಟ್ಯಾಂಡರ್ಡ್ ಎರರ್) ಅಂಥ ಹಳ್ಳಿಗಳನ್ನು ಒಂದೊಂದು ಗುಂಪಾಗಿಸಿ ಲೆಕ್ಕ ಹಾಕಬೇಕು.

ಒಣನೆಲ:
ಉಪಕಾರವಾಯ್ತು. ಹಾಗಾದರೆ ಮನೆ ಸಮೀಕ್ಷೆ ಇಲ್ಲದೆ ಆಗಲ್ಲ. ಪ್ರಶ್ನಾವಳಿಯಲ್ಲಿ "ಬರದಿಂದ ಹೋದಿರಾ?" ಅಂತ ನೇರ ಕೇಳಿದರೆ?

ಬದು_ಒಡ್ಡು:
ಬೇಡ. "ಹೌದು" ಅಂತಾರೆ, ಪರಿಹಾರದ ಆಸೆ ಇದ್ದರಂತೂ ಎಲ್ಲರೂ ಹೌದು. "ಯಾಕೆ ಹೋದಿರಿ?" ಅಂದರೆ "ಕೂಲಿಗೆ". ಎರಡರಿಂದಲೂ ಏನೂ ಗೊತ್ತಾಗಲ್ಲ. ಕ್ರಮ ಕೇಳಿ. ಕುರಿ ಮೇಕೆ ಮಾರಿದ್ದು ಯಾವಾಗ, ಸಾಲ ಯಾವಾಗ, ಮೊದಲು ಹೊರಟವರು ಯಾರು, ಎತ್ತು ಮಾರಿದ್ದು ಯಾವ ವರ್ಷ, ಹೊಲ ಲಾವಣಿಗೆ ಕೊಟ್ಟಿದ್ದು ಯಾವಾಗ. ಸಾಮಾನ್ಯವಾಗಿ ಎತ್ತು ಹೋದ ಮೇಲೆ ಇಡೀ ಮನೆ ಹೊರಡುವ ಸಾಧ್ಯತೆ ಏರುತ್ತೆ, ಯಾಕಂದ್ರೆ ಮುಂದಿನ ವರ್ಷ ಮಳೆ ಬಂದರೂ ಉಳುವುದು ಯಾವುದರಲ್ಲಿ? ಅದಕ್ಕೇ ಮಳೆ ಕೊರತೆಯನ್ನು ಅದೇ ವರ್ಷದ ಜೊತೆಗೆ ಹಿಂದಿನ 1, 2, 3 ವರ್ಷಕ್ಕೂ ಹಾಕಿ ನೋಡಿ.

ಮನೆಯ ಪ್ರತಿ ಸದಸ್ಯರಿಗೂ 12 ತಿಂಗಳ ಪಟ್ಟಿ ಇಡಿ. ಎಷ್ಟು ದಿನ ಊರಲ್ಲಿರಲಿಲ್ಲ ಅಂತ ಬರೆಯಿರಿ. 30ರಿಂದ 180 ದಿನದವರನ್ನು ಗುಳೆ ಅಂತ ಬೇರೆ ವಿಂಗಡಿಸಿ. ಬೀಗ ಹಾಕಿದ ಮನೆ ಬಿಟ್ಟು ಪಕ್ಕದ್ದಕ್ಕೆ ಹೋಗೋದು ಎಲ್ಲರೂ ಮಾಡುವ ತಪ್ಪು. ಪೂರ್ತಿ ಹೊರಟ ಕುಟುಂಬವೇ ಅದು. ನೆರೆಯ ಮೂರು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿ, ಎಷ್ಟು ಜನ, ಯಾವ ವರ್ಷ, ಎಲ್ಲಿಗೆ ಅಂತ ತುಂಬಿಸಿ.

ಪಿಕ್ಸೆಲ್250:
21.6 ಕೋಟಿ ಕುರಿತು: ವಿಶ್ವಬ್ಯಾಂಕಿನ 2021ರ ಅಂದಾಜಿನ ಮೇಲ್ಮಿತಿ ಅದು. ಆರು ವಲಯಗಳು, ದೇಶದ ಒಳಗಿನ ವಲಸೆ ಮಾತ್ರ. ಹೊರಸೂಸುವಿಕೆ ತಗ್ಗಿ ಅಭಿವೃದ್ಧಿಯೂ ಚೆನ್ನಾಗಿ ಆದರೆ 4.4 ಕೋಟಿ. ಎರಡನ್ನೂ ಬರೆಯಿರಿ, ಇಲ್ಲವೇ ಎರಡನ್ನೂ ಬಿಡಿ. ವಿಪತ್ತಿನಿಂದ 2024ರಲ್ಲಿ 4.58 ಕೋಟಿ ಸ್ಥಳಾಂತರ ಅನ್ನೋ ಅಂಕಿಯನ್ನು ಇದರ ಪಕ್ಕ ಇಡಬೇಡಿ. ಅದು ನಡೆಗಳ ಲೆಕ್ಕ, ತಲೆಗಳದ್ದಲ್ಲ. ಒಬ್ಬನೇ ಎರಡು ಸಲ ಎದ್ದು ಹೋದರೆ ಎರಡು. "ಹವಾಮಾನ ನಿರಾಶ್ರಿತ" ಪದವೂ ಬೇಡ, 1951ರ ನಿರಾಶ್ರಿತರ ಒಪ್ಪಂದದ ಐದು ಕಾರಣಗಳಲ್ಲಿ ಪರಿಸರ ಇಲ್ಲ.

ಕಂಟೂರ್:
ತಡವಾಗಿ ಬಂದೆ. ನೆಲ ಸರಿಪಡಿಸಿದರೆ ವಲಸೆ ನಿಲ್ಲುತ್ತೆ ಅಂತ ಕೊನೆಯಲ್ಲಿ ಶಿಫಾರಸು ಬರೆಯುವ ಮುನ್ನ ಆಳಿನ ಲೆಕ್ಕ ಹಾಕಿ. ಸಹಾರಾ ಮರುಭೂಮಿಯ ದಕ್ಷಿಣದ ಒಣ ಪಟ್ಟಿಯಾದ ಸಾಹೆಲ್‌ನ "ಝಾಯಿ" ನಾಟಿ ಗುಂಡಿ ತಗೊಳ್ಳಿ: 20–40 ಸೆಂ.ಮೀ. ಅಗಲ, 10–20 ಸೆಂ.ಮೀ. ಆಳ, ತಳಕ್ಕೆ ಎರಡು ಮೂರು ಹಿಡಿ ಗೊಬ್ಬರ. ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಂಡಿ ಬೀಳುತ್ತವೆ. ತೋಡೋಕೇ ಸುಮಾರು 300 ಗಂಟೆ. ಮೇಲ್ಪದರ ಗಟ್ಟಿಯಾದ ನೆಲದಲ್ಲೂ ಮೊದಲ ಮಳೆ ಗುಂಡಿಯಲ್ಲಿ ನಿಂತು ಇಂಗುತ್ತೆ, ಬೆಳೆ ಬರುತ್ತೆ, ಅದರಲ್ಲಿ ಅನುಮಾನ ಇಲ್ಲ.

ಆದರೆ ತೋಡಬೇಕಾದ್ದು ಬೇಸಿಗೆಯಲ್ಲಿ. ಗಟ್ಟಿ ಆಳುಗಳು ಗುಳೆ ಹೋಗಿರೋದೂ ಬೇಸಿಗೆಯಲ್ಲೇ. ಉಳಿದವರು ಮುದುಕರು, ಸಣ್ಣ ಮಕ್ಕಳು, ಮನೆಕೆಲಸದ ಜೊತೆ ಇದನ್ನೂ ಹೊರಬೇಕಾದ ಹೆಂಗಸರು. ಕೀನ್ಯಾದ ಮಚಾಕೋಸ್‌ನಲ್ಲಿ ಮೆಟ್ಟಿಲು ಹೊಲಗಳು ಹಬ್ಬಿದ್ದು ವಲಸೆ ನಿಂತಿದ್ದರಿಂದಲ್ಲ, ಹೊರಗೆ ದುಡಿದ ಸಂಬಳದ ಒಂದು ಪಾಲು ವಾಪಸ್ ಹೊಲಕ್ಕೆ ಬಿದ್ದಿದ್ದರಿಂದ.

ಆದ್ದರಿಂದ ಯೋಜನೆಯ ಅಳತೆಗೋಲು "ಎಷ್ಟು ಜನ ಉಳಿದರು" ಅಂತ ಇಡಬೇಡಿ. ಊರಿಂದ ಹೊರಗಿದ್ದ ದಿನ ಎಷ್ಟು ಇಳಿಯಿತು, ಇಡೀ ಕುಟುಂಬ ಹೊರಡುವುದು ಒಬ್ಬರಿಗೆ ಬಂತೇ ಅಂತ ನೋಡಿ. ಗುಂಡಿ ತೋಡಿದ ಕೂಲಿ ಕೆಲಸ ಮುಗಿದ ಮೇಲೆ ಕೊಡ್ತೀವಿ ಅಂದರೂ ಆಗಲ್ಲ. ಗುಳೆ ಕರೆದೊಯ್ಯುವ ಮೇಸ್ತ್ರಿ ಸುಗ್ಗಿ ಮುಗಿಯುವ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಅವನಿಗಿಂತ ಒಂದು ವಾರ ಮೊದಲು ನಿಮ್ಮ ದುಡ್ಡು ಕೈಗೆ ಸಿಗಬೇಕು.