1978ರ ಚಿಕ್ಕಮಗಳೂರು ಉಪಚುನಾವಣೆ: ಹತ್ತು ನಿಮಿಷದ ಮಾತಿಗೆ ಏನು ಇಟ್ಟುಕೊಳ್ಳಲಿ?

ಕಡೂರು_ಹುಡುಗಿ:
ನಮಸ್ಕಾರ. ಜರ್ಮನಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಮುಂದಿನ ವಾರ ತರಗತಿಯಲ್ಲಿ ಒಬ್ಬೊಬ್ಬರೂ ತಮ್ಮ ಊರು ಕಂಡ ಒಂದು ದೊಡ್ಡ ಚುನಾವಣೆ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ನಾನು 1978 ಆರಿಸಿಕೊಂಡೆ. ಬರೆದುಕೊಂಡಿರುವುದು ಇಷ್ಟು: "ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರಿಗೆ ಚಿಕ್ಕಮಗಳೂರಿನ ಜನ ಮರುಗಿ ವೋಟು ಹಾಕಿದರು. ಆಮೇಲೆ ತುರ್ತು ಪರಿಸ್ಥಿತಿಯ ತಪ್ಪಿಗಾಗಿ ಸಂಸತ್ತು ಅವರನ್ನು ಜೈಲಿಗೆ ಕಳಿಸಿತು." ಇದು ಸರಿಯೇ? ಚುನಾವಣಾ ಆಯೋಗದ 1977 ಮತ್ತು 1980ರ ವರದಿ ಎರಡನ್ನೂ ನೋಡಿದೆ, ಚಿಕ್ಕಮಗಳೂರಿನ ಕೆಳಗೆ ಅವರ ಹೆಸರೇ ಇಲ್ಲ. ಇನ್ನೊಂದು ಪ್ರಶ್ನೆ, ವಿಷಯ ಬೇರೆ: ಮುಂದಿನ ಲೋಕಸಭೆಗೆ ನಾನು ಇಲ್ಲಿಂದಲೇ ಮತ ಹಾಕಬಹುದಾ?

ಗಿರಿಶ್ರೇಣಿ:
ವರದಿಯಲ್ಲಿ ಸಿಗದಿರುವುದಕ್ಕೆ ಕಾರಣ ಸಣ್ಣದು. ಅವು ಸಾರ್ವತ್ರಿಕ ಚುನಾವಣೆಯ ಸಂಪುಟಗಳು, ನಡುವೆ ಬಂದ ಉಪಚುನಾವಣೆ ಅದರೊಳಗೆ ಸೇರುವುದಿಲ್ಲ. 1977ರ ಸಂಪುಟದಲ್ಲಿ ಗೆದ್ದವರಾಗಿ ಡಿ.ಬಿ. ಚಂದ್ರೇಗೌಡರು ಕಾಣುತ್ತಾರೆ. ಅವರು ರಾಜೀನಾಮೆ ಕೊಟ್ಟು ತೆರವು ಮಾಡಿದ ಸೀಟೇ ಇದು. 1980ರಲ್ಲಿ ಇಂದಿರಾ ನಿಂತಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಹಾಗಾಗಿ ಎರಡು ಸಂಪುಟ ಇಟ್ಟುಕೊಂಡು ಹುಡುಕಿದವರಿಗೆ ಆ ಚುನಾವಣೆ ನಡೆದೇ ಇಲ್ಲವೇನೋ ಅನ್ನಿಸುತ್ತದೆ. ಉಪಚುನಾವಣೆಯ ಪಟ್ಟಿಯನ್ನು ಬೇರೆಯಾಗಿಯೇ ತೆಗೆಯಬೇಕು; 1978ರ ನವೆಂಬರ್ ಪತ್ರಿಕೆಗಳ ಜೊತೆ ತಾಳೆ ಹಾಕಿ. ಅಂತರ 77 ಸಾವಿರಕ್ಕೂ ಹೆಚ್ಚು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ್, ಅದಕ್ಕೂ ಮೊದಲೇ ಮುಖ್ಯಮಂತ್ರಿ ಆಗಿದ್ದವರು.

ಜೈಲಿನ ವಾಕ್ಯ ತಪ್ಪು, ಬದಲಿಸಿ. 1978ರ ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಹೊರಹಾಕಿದ್ದು ಹಕ್ಕುಚ್ಯುತಿಗಾಗಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದದ್ದಕ್ಕಾಗಿ. ಮಗ ಸಂಜಯ್ ಗಾಂಧಿಯ ಮಾರುತಿ ಕಾರು ಕಂಪನಿಯ ಬಗ್ಗೆ ಸದನದಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡಲು ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರು, ಕಿರುಕುಳ ಕೊಟ್ಟರು ಎಂಬುದು ಆರೋಪ. ಜೊತೆಗೆ ಕೊಟ್ಟ ಜೈಲು ಶಿಕ್ಷೆಯ ಅವಧಿಯೂ ವಿಚಿತ್ರ: ಇಷ್ಟು ದಿನ ಅಂತಲ್ಲ, ಅಧಿವೇಶನ ಮುಗಿಯುವವರೆಗೆ ಅಂತ. ಹಾಗಾಗಿ ತಿಹಾರ್‌ನಲ್ಲಿ ಒಂದು ವಾರ. 1981ರ ಮೇನಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. 1977ರ ಅಕ್ಟೋಬರ್‌ನಲ್ಲಿ ಅವರನ್ನು ಬಂಧಿಸಿ ಮರುದಿನವೇ ಬಿಟ್ಟಿದ್ದು ಬೇರೆ ಪ್ರಕರಣ. ಎರಡನ್ನೂ ಕಲಸಿ ಹೇಳುವವರೇ ಹೆಚ್ಚು. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1978ರ ಡಿಸೆಂಬರ್‌ನ ಚರ್ಚೆಗಳನ್ನು ತೆಗೆದು ಹಕ್ಕುಬಾಧ್ಯತಾ ಸಮಿತಿ ವರದಿಯ ಭಾಗ ಓದಿ.

ಅಡಿಕೆ_ಸೋಗೆ:
"ಮರುಗಿ ವೋಟು ಹಾಕಿದರು" ಅನ್ನುವುದನ್ನು ಮೊದಲು ಹೊಡೆದುಹಾಕಿ ಮಾರಾಯ್ರೆ. ಕರ್ನಾಟಕ ಅವರನ್ನು ಬಿಟ್ಟಿದ್ದು ಯಾವಾಗ, ಮರುಗುವುದಕ್ಕೆ? 1977ರಲ್ಲಿ ಉತ್ತರ ಪ್ರದೇಶದ 85 ಸೀಟಿನಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ; ಅದೇ ಚುನಾವಣೆಯಲ್ಲಿ ಇಲ್ಲಿ 28ಕ್ಕೆ 26. 1978ರ ಆರಂಭದಲ್ಲಿ ಪಕ್ಷ ಒಡೆದು, ಹಸು-ಕರು ಹೋಗಿ ಹಸ್ತ ಬಂತು. ಹೊಸ ಚಿಹ್ನೆ ಹಿಡಿದೇ ವಿಧಾನಸಭೆಯಲ್ಲಿ 224ರಲ್ಲಿ 149 ಗೆದ್ದರು. ದೇವರಾಜ ಅರಸು ಮುಖ್ಯಮಂತ್ರಿ, ಆಡಳಿತ ಕೈಯಲ್ಲಿ. ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ ಸೀಟು ಇದು. ಅಭ್ಯರ್ಥಿಗಳಿಬ್ಬರೂ ಹೊರಗಿನವರು ಅನ್ನುವುದನ್ನೂ ಸೇರಿಸಿ: ಒಬ್ಬರು ದೆಹಲಿಯಿಂದ, ಇನ್ನೊಬ್ಬರು ಕಲಬುರಗಿ ಕಡೆಯಿಂದ. "ಏಕ್ ಶೇರ್ನಿ, ಸೌ ಲಂಗೂರ್" (ಒಂದು ಹೆಣ್ಣು ಸಿಂಹ, ನೂರು ಮುಸುವ) ಅಂತ ಕೂಗಿದ ಘೋಷಣೆ ಕೂಡ ಹಿಂದಿಯದ್ದೇ.

ಅರಸು ಅವರ ಭೂಸುಧಾರಣೆಯಿಂದಲೇ ಇಂದಿರಾ ಗೆದ್ದರು ಅನ್ನುವ ಮಾತೂ ನಿಮಗೆ ಸಿಗುತ್ತದೆ. ಅದನ್ನು ಹಾಗೇ ಎತ್ತಿ ಇಡಬೇಡಿ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7ರಲ್ಲಿ ಡಿಕ್ಲರೇಷನ್ ಹಾಕಿದ ಗೇಣಿದಾರನಿಗೆ ಭೂ ನ್ಯಾಯಮಂಡಳಿಯಿಂದ ಹಕ್ಕು ಬರುತ್ತಿತ್ತು. ಆದರೆ ಕಾಫಿ, ಏಲಕ್ಕಿ, ರಬ್ಬರಿನಂಥ ಪ್ಲಾಂಟೇಷನ್‌ಗೆ ಕಾಯ್ದೆಯಲ್ಲೇ ವಿನಾಯಿತಿ. ಅಂದರೆ ಗದ್ದೆ ಗೇಣಿಗೆ ಮಾಡುತ್ತಿದ್ದವನಿಗೆ ಅದು ಮುಟ್ಟಿತು, ತೋಟದ ಲೈನ್‌ಮನೆಯಲ್ಲಿದ್ದ ಕೂಲಿಯವನಿಗೆ ಮುಟ್ಟಲಿಲ್ಲ. ಕ್ಷೇತ್ರದಲ್ಲಿ ಘಟ್ಟದ ಕೆಳಗಿನ ಭಾಗವೂ ಇತ್ತು. ಗೇಣಿಯ ವಿಷಯ ಅಲ್ಲಿ ಬಿಸಿಯಾಗಿತ್ತು. ಮಲೆನಾಡನ್ನೆಲ್ಲ ಒಂದೇ ಮುದ್ದೆ ಮಾಡಿ ಹೇಳಿದರೆ ತಿಳಿದವರು ಒಂದು ಪ್ರಶ್ನೆಗೆ ಕೆಡವುತ್ತಾರೆ.

ಜರ್ಮನ್ನರಿಗೆ ಹೇಳಬೇಕಾದ ಇನ್ನೆರಡು ವಿಷಯ. ಆಗ ಮತದಾನದ ವಯಸ್ಸು 21. 18 ಆಗಿದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಯಂತ್ರ ಇರಲಿಲ್ಲ, ಕಾಗದದ ಮತಪತ್ರಕ್ಕೆ ಮುದ್ರೆ ಒತ್ತುವುದು.

ಮತಗಟ್ಟೆ_ಮೇಷ್ಟ್ರು:
ಮತದಾನದ ಪ್ರಶ್ನೆಗೆ: ಅಲ್ಲಿಂದ ಆಗುವುದಿಲ್ಲ. ಅಂಚೆ ಮತ, ಆನ್‌ಲೈನ್, ಬದಲಿ ವ್ಯಕ್ತಿ ಯಾವುದೂ ಸಾಗರೋತ್ತರ ಮತದಾರರಿಗೆ (ನಿಮ್ಮ ಹಾಗೆ ಹೊರದೇಶದಲ್ಲಿರುವ ಭಾರತೀಯರಿಗೆ) ಇಲ್ಲ. ಬದಲಿ ವ್ಯಕ್ತಿಯಿಂದ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು, ಕಾಯ್ದೆ ಆಗದೆ ಬಿದ್ದುಹೋಯಿತು. ಊರಿಗೆ ಬಂದು ಹಾಕುವುದಾದರೆ ದಾರಿ ಇದೆ.

ಆಯೋಗದ ಮತದಾರರ ಪೋರ್ಟಲ್‌ನಲ್ಲಿ ನಮೂನೆ 6ಎ ತುಂಬಬೇಕು. ನಮೂನೆ 6 ಅಲ್ಲ, ಎಷ್ಟೋ ಜನ ಎಡವುವುದು ಇಲ್ಲೇ. ಒಂದು ಫೋಟೊ, ಪಾಸ್‌ಪೋರ್ಟಿನಲ್ಲಿ ಫೋಟೊ ಮತ್ತು ಭಾರತದ ವಿಳಾಸ ಇರುವ ಪುಟ, ಚಾಲ್ತಿ ವೀಸಾ ಪುಟ ಬೇಕು. ಬೂತ್ ಮಟ್ಟದ ಅಧಿಕಾರಿ ಆ ವಿಳಾಸಕ್ಕೆ ಬಂದು ವಿಚಾರಿಸುತ್ತಾರೆ. ಮನೆಯಲ್ಲಿ "ನಮಗೆ ಗೊತ್ತಿಲ್ಲ" ಅಂದರೆ ಅರ್ಜಿ ಅಲ್ಲೇ ನಿಂತೀತು, ಮೊದಲೇ ಫೋನ್ ಮಾಡಿ ಹೇಳಿಡಿ. ಪಾಸ್‌ಪೋರ್ಟಿನಲ್ಲಿ ಬೆಂಗಳೂರಿನ ಪಿಜಿ ವಿಳಾಸ ಇದ್ದರೆ ನಿಮ್ಮ ಮತವೂ ಬೆಂಗಳೂರಿಗೇ.

ಊರಿನ ಪಟ್ಟಿಯಲ್ಲಿ ಈಗಾಗಲೇ ಸಾಮಾನ್ಯ ಮತದಾರರಾಗಿ ಹೆಸರಿದ್ದರೆ ಎರಡೂ ಇಟ್ಟುಕೊಳ್ಳುವಂತಿಲ್ಲ. ಗುರುತಿನ ಚೀಟಿ ಹಿಂದಿರುಗಿಸಬೇಕು, ಸಾಗರೋತ್ತರ ಮತದಾರರಿಗೆ ಹೊಸ ಚೀಟಿ ಕೊಡುವುದೂ ಇಲ್ಲ. ಮತಗಟ್ಟೆಯಲ್ಲಿ ಅಸಲಿ ಪಾಸ್‌ಪೋರ್ಟೇ ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ಓದು ಮುಗಿಸಿ ವಾಪಸ್ ಬಂದ ಮೇಲೆ ನಮೂನೆ 6 ಹಾಕಿ ಮತ್ತೆ ಸಾಮಾನ್ಯ ಮತದಾರರಾಗಿ. ನಾಮಪತ್ರದ ಕೊನೆ ದಿನ ಕಳೆದ ಮೇಲೆ ಪಟ್ಟಿಗೆ ಹೆಸರು ಸೇರುವುದಿಲ್ಲ, ಅರ್ಜಿಗೂ ಒಂದಷ್ಟು ದಿನ ಹಿಡಿಯುತ್ತದೆ. ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ.

ಹೆಸರಲ್ಲಿ "ಕಡೂರು" ಕಂಡಿದ್ದರಿಂದ ಇನ್ನೊಂದು ಮಾತು. 2008ರ ಕ್ಷೇತ್ರ ಮರುವಿಂಗಡಣೆ ನಂತರ ಬರೀ "ಚಿಕ್ಕಮಗಳೂರು" ಅನ್ನುವ ಲೋಕಸಭಾ ಕ್ಷೇತ್ರವೇ ಇಲ್ಲ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ ಸೇರಿವೆ. ಕಡೂರು ಹಾಸನಕ್ಕೆ.

ಕಡೂರು_ಹುಡುಗಿ:
ಅಂದರೆ ಇಂದಿರಾ ಗೆದ್ದ ಕ್ಷೇತ್ರದವಳು ಅಂತ ಹೇಳಿಕೊಂಡು ಶುರು ಮಾಡೋಣ ಅಂದುಕೊಂಡಿದ್ದೆ, ಅದೂ ಹೋಯಿತು!

ಗಿರಿಶ್ರೇಣಿ:
ಜಿಲ್ಲೆಯವಳು ಅನ್ನಿ, ಯಾರೂ ತಕರಾರು ಮಾಡುವಂತಿಲ್ಲ. ನಕ್ಷೆ ತೋರಿಸುವುದಾದರೆ ಮಾತ್ರ ಎಚ್ಚರ: ಗೂಗಲ್‌ನಲ್ಲಿ ಮೊದಲು ಸಿಗುವುದು ಈಗಿನ ಉಡುಪಿ-ಚಿಕ್ಕಮಗಳೂರು. 1976ರ ಮರುವಿಂಗಡಣೆ ಆದೇಶ ನೋಡಿ ಬರೆದುಕೊಳ್ಳಿ.

ಅಡಿಕೆ_ಸೋಗೆ:
ಕೊನೆಗೆ ಒಂದು ನಿಮಿಷ ಉಳಿದರೆ ಇದನ್ನು ಹೇಳಿ: ಇಂದಿರಾ ಅವರನ್ನು ಇಲ್ಲಿಂದ ಗೆಲ್ಲಿಸಿದ ಅರಸು 1979ರಲ್ಲಿ ಅವರಿಂದ ದೂರವಾದರು; ಇಂದಿರಾ ಎದುರು ಸೋತ ವೀರೇಂದ್ರ ಪಾಟೀಲ್ 1989ರಲ್ಲಿ ಅದೇ ಕಾಂಗ್ರೆಸ್ಸಿನ ಮುಖ್ಯಮಂತ್ರಿ.