ವಾಲ್ಥರ್ ಪಿಪಿ ಸ್ಮರಣಾರ್ಥ ಪಿಸ್ತೂಲು: ಚರಿತ್ರೆ ಹುಡುಕೋದು, ಬೆಲೆ ಕಟ್ಟಿಸೋದು ಹೇಗೆ?

ಜಗಳೂರು_ಓದುಗ

ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ತಂದೆಯವರ ಲೈಸೆನ್ಸಿನಲ್ಲಿದ್ದ .22 ವಾಲ್ಥರ್ ಪಿಪಿ ಈಗ ದಾವಣಗೆರೆಯ ಬಂದೂಕಿನ ಅಂಗಡಿಯೊಂದರಲ್ಲಿ ಠೇವಣಿ ಇದೆ. ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಮೇಲೆ ಚಿನ್ನದ ಬಣ್ಣದಲ್ಲಿ 1929–1979 ಎಂದಿದೆ, ಮರದ ಹಿಡಿಕೆಯ ಮೇಲೆ ಓಕ್ ಎಲೆಯ ಕೆತ್ತನೆ. ಮರದ ಪೆಟ್ಟಿಗೆ ಇದೆ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಒಂದೇ, ಕೊಂಡ ಬಿಲ್ಲು ಸಿಕ್ಕಿಲ್ಲ. ಲೈಸೆನ್ಸ್ 1982ರದು. ಇದು ನಿಜಕ್ಕೂ ಕಂಪನಿಯ ವಿಶೇಷ ಆವೃತ್ತಿಯೇ ಅಂತ ಹೇಗೆ ಖಾತ್ರಿ ಮಾಡಿಕೊಳ್ಳೋದು? ಸ್ಲೈಡಿನ ಮುಂತುದಿಯಲ್ಲಿ ಬ್ಲೂಯಿಂಗ್ (ಉಕ್ಕಿನ ಮೇಲಿನ ಕಪ್ಪು-ನೀಲಿ ಲೇಪ) ಕಂದು ತಿರುಗಿದೆ. ಅದನ್ನು ಹೊಸದಾಗಿ ಮಾಡಿಸಿ ಆಮೇಲೆ ಬೆಲೆ ಕಟ್ಟಿಸೋಣ ಅಂತಾರೆ ಅಣ್ಣ. ಸರಿಯೇ?

ಕೋಟೆ_ಕಲ್ಲು

ಬ್ಲೂಯಿಂಗ್ ಮುಟ್ಟಬೇಡಿ ಸರ್, ಮೊದಲ ಮಾತೇ ಇದು. ಹೊಸ ಬ್ಲೂಯಿಂಗ್‌ಗೆ ಮುಂಚೆ ಲೋಹವನ್ನು ಪಾಲಿಶ್ ಮಾಡ್ತಾರೆ. ಆಗ ಸ್ಲೈಡಿನ ಚೂಪು ಅಂಚುಗಳು ದುಂಡಗಾಗ್ತವೆ, ಅಕ್ಷರಗಳ ದಡ ಸವೆಯುತ್ತೆ, ಪ್ರೂಫ್ ಗುರುತು (ಬಂದೂಕನ್ನು ಪರೀಕ್ಷಿಸಿ ಒತ್ತಿದ ಮುದ್ರೆ) ಮಸುಕಾಗುತ್ತೆ. ಸಂಗ್ರಾಹಕರು ಮೊದಲು ನೋಡೋದೇ ಆ ಅಂಚನ್ನು. ಕಂದು ಕಲೆ ಇರುವ ಮೂಲ ಬ್ಲೂಯಿಂಗ್‌ಗೆ ಬೆಲೆ ಇದೆ, ಮಿರಮಿರ ಹೊಳೆಯುವ ಮರುಬ್ಲೂಯಿಂಗ್‌ಗೆ ಇಲ್ಲ.

ಖಾತ್ರಿಗೆ ಪ್ರೂಫ್ ಗುರುತು ನೋಡಿ. ಪಿಪಿ ಬಂದಿದ್ದು 1929ರಲ್ಲಿ, ಜರ್ಮನಿಯ ತ್ಸೆಲ್ಲಾ-ಮೆಹ್ಲಿಸ್ ಕಾರ್ಖಾನೆಯಿಂದ. ಯುದ್ಧದ ನಂತರ ಕಂಪನಿ ಉಲ್ಮ್ ಊರಿಗೆ ಬಂತು. ಹಾಗಾಗಿ ಸ್ಲೈಡಿನ ಬಲಬದಿಯಲ್ಲಿ ಮತ್ತು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಮೇಲೆ ಜಿಂಕೆಯ ಕೊಂಬಿನ ಗುರುತು ಇರಬೇಕು. ಅದು ಉಲ್ಮ್ ಪ್ರೂಫ್ ಹೌಸಿನದು (ಬಂದೂಕು ಪರೀಕ್ಷಿಸುವ ಕಚೇರಿ). ಪಕ್ಕದಲ್ಲಿ ಹದ್ದು, ಅದರ ಕೆಳಗೆ ‘ಎನ್’ ಅಕ್ಷರ. ಜೊತೆಗೆ ವರ್ಷದ ಕೊನೆಯ ಎರಡು ಅಂಕಿ ಹೇಳುವ ಎರಡಕ್ಷರದ ಸಂಕೇತ: ಎ ಅಂದರೆ 0, ಬಿ 1, ಹೀಗೆ ಐ ಅಂದರೆ 8. ‘ಜೆ’ ಬಿಟ್ಟಿದ್ದಾರೆ, ಆದ್ದರಿಂದ ಕೆ 9. 1979ಕ್ಕೆ ‘ಎಚ್‌ಕೆ’, 1980ಕ್ಕೆ ‘ಐಎ’. ಸಂಕೇತ 1960ರ ದಶಕದ್ದಾಗಿದ್ದರೆ, ಹಳೆ ಪಿಸ್ತೂಲಿಗೆ ಆಮೇಲೆ ಯಾರೋ ಕೆತ್ತನೆ ಮಾಡಿಸಿರುವ ಸಾಧ್ಯತೆ ಹೆಚ್ಚು.

ಕೆತ್ತನೆಯನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಮಸೂರದಲ್ಲಿ ನೋಡಿ (ಮಸೂರವನ್ನು ಅಂಗಡಿಗೆ ಒಯ್ಯಿರಿ, ಪಿಸ್ತೂಲನ್ನು ಅಕ್ಕಸಾಲಿಗರ ಹತ್ತಿರ ಅಲ್ಲ). ಗೀರಿ ಕೂರಿಸಿದ ಚಿನ್ನದ ಅಂಚು ಲೋಹಕ್ಕೆ ಬಿಗಿಯಾಗಿ ಹೊಂದಿರುತ್ತೆ. ಬಣ್ಣ ತುಂಬಿದ್ದರೆ ಮೂಲೆಗಳಲ್ಲಿ ಚಕ್ಕೆ ಎದ್ದಿರುತ್ತೆ. ಬ್ಲೂಯಿಂಗ್ ಆದಮೇಲೆ ಕೆತ್ತಿದ್ದಾದರೆ ಗೀರಿನ ತಳದಲ್ಲಿ ಬಿಳಿ ಉಕ್ಕು ಕಾಣುತ್ತೆ.

ಟ್ರಿಗರ್ ಎಳೆದು ತೋರಿಸಿ ಅಂತ ಯಾರಿಗೂ ಹೇಳಬೇಡಿ. .22 ರಿಮ್‌ಫೈರ್ (ಗುಂಡಿನ ಬುಡದ ಅಂಚಿಗೆ ಹೊಡೆದು ಸಿಡಿಸುವ ಬಗೆ) ಆದ್ದರಿಂದ ಗುಂಡಿಲ್ಲದೆ ಹೊಡೆದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೇ ಬಡಿದು ನಗ್ಗು ಮಾಡಬಹುದು.

ನಾಲೆ_ಬದಿ

ಕಾಗದದ ವಿಷಯ ನಾನು ಹೇಳ್ತೀನಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. 1982ರಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಮೂಲ ಕಡತ ಹುಡುಕೋದಾದರೆ ದಾವಣಗೆರೆ ಡಿಸಿ ಕಚೇರಿ ಒಂದೇ ಸಾಲದು, ಚಿತ್ರದುರ್ಗದಲ್ಲೂ ಅರ್ಜಿ ಕೊಡಿ. (ಇದನ್ನು ಓದುವ ಹೊನ್ನಾಳಿ, ಚನ್ನಗಿರಿಯವರು ಶಿವಮೊಗ್ಗದಲ್ಲಿ ಕೇಳಬೇಕು.) ಹಳೆ ಲೈಸೆನ್ಸ್ ಪುಸ್ತಕದಲ್ಲಿ ಪಿಸ್ತೂಲಿನ ನಂಬರ್ ನಮೂದಿಸಿದ ದಿನಾಂಕ, ಮಾರಿದವರ ಹೆಸರು ಅಥವಾ ಅಂಗಡಿಯ ಮೊಹರು ಇರುತ್ತೆ. ಬಿಲ್ಲು ಕಳೆದಿದ್ದರೂ ಆ ಒಂದು ಪುಟ ಚರಿತ್ರೆಯ ಮೊದಲ ಕೊಂಡಿ. ವಿದೇಶದಿಂದ ತಂದವರ ಕಸ್ಟಮ್ಸ್ ಕಾಗದ ಸಿಕ್ಕಿದರೆ ‘ಮಾರಬಾರದು’ ಅನ್ನೋ ಷರತ್ತು ಇದೆಯಾ ಓದಿ.

ನಿಮ್ಮ ಹೆಸರಿಗೆ ಬರಬೇಕಾದರೆ 2016ರ ಆಯುಧ ನಿಯಮಗಳ 25ನೇ ನಿಯಮದಡಿ ವಾರಸುದಾರರ ಅರ್ಜಿ ಹಾಕಬೇಕು, ಉಳಿದ ವಾರಸುದಾರರ ಒಪ್ಪಿಗೆ ಪತ್ರದ ಜೊತೆ. ಆಯುಧ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು. ಪಿತ್ರಾರ್ಜಿತವಾದರೂ ಲೆಕ್ಕಕ್ಕೆ ಸೇರುತ್ತೆ. ಅಲ್ಲಿವರೆಗೆ ಪಿಸ್ತೂಲು ಅಂಗಡಿಯ ಠೇವಣಿಯಲ್ಲೇ ಇರಲಿ. ಬೆಲೆ ಕಟ್ಟಿಸೋಕೆ ಅಂತ ಕಾರಿನಲ್ಲಿ ಬೆಂಗಳೂರಿಗೆ ಒಯ್ದರೆ ಅದು ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡ ಹಾಗೇ.

ಬೆಣ್ಣೆ_ಬೀದಿ

ಬೆಲೆ ಎರಡು ಥರ ಐತಿ, ಅವನ್ನ ಕಲಸಬಾರದು ನೋಡ್ರಿ. ಇಲ್ಲಿ 1980ರ ದಶಕದಿಂದ ವಿದೇಶಿ ಆಮದು ನಿಂತು ಹೋಗಿರೋದರಿಂದ ಯಾವುದೇ ಅಸಲಿ ವಾಲ್ಥರ್‌ಗೆ ಹೊರದೇಶದ ಹಲವು ಪಟ್ಟು ರೇಟು. ಆದರೆ ನಮ್ಮಲ್ಲಿ ತಗೊಳ್ಳೋರು ಕಂಪನಿ, ಬೋರು (ನಳಿಗೆಯ ಅಳತೆ), ನಳಿಗೆಯ ಸ್ಥಿತಿ ನೋಡ್ತಾರೆ. ‘1929–1979’ಕ್ಕೆ ಅಂತ ಬೇರೆ ದುಡ್ಡು ಕೊಡೋರು ಕಡಿಮೆ. ಹೊರಗಿನ ಹರಾಜಿನಲ್ಲಿ ಮಾತ್ರ ಆವೃತ್ತಿಗೆ ಬೆಲೆ. ಅದೂ ಪೆಟ್ಟಿಗೆ, ಕಾಗದ, ಎಲ್ಲಾ ಸರಿ ಇದ್ದು ಗುಂಡು ಹಾರಿಸದೇ ಇದ್ದಾಗ. ಮಾರೋನು ಕೇಳಿದ ರೇಟು ಬಿಟ್ಟು, ಹರಾಜಿನಲ್ಲಿ ಮುಗಿದ ರೇಟು ನೋಡ್ರಿ. ಅದರಲ್ಲಿ ಹರಾಜು ಸಂಸ್ಥೆಯ ಕಮಿಷನ್ ಸೇರೈತಾ ಅಂತಲೂ ನೋಡ್ರಿ.

ಮ್ಯಾಗಜೀನ್ ಮೇಲೆ ವಾಲ್ಥರ್ ಬ್ಯಾನರ್ (ಕಂಪನಿಯ ಲಾಂಛನ) ಇಲ್ಲದಿದ್ದರೆ ಅದು ಬದಲಿ. ಹಂಗಿದ್ದರೆ ಬೆಲೆ ಇಳೀತೈತಿ.

ಮಾರೋದೇ ಆದರೆ ಲೈಸೆನ್ಸ್ ಆದಮೇಲೆ. ಖಾಸಗಿಯಾಗಿ ಮಾರೋಕೆ ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಫೋಟೋ ಹಾಕುವಾಗ ನಂಬರಿನ ಕೊನೇ ಮೂರು ಅಂಕಿ ಮುಚ್ಚಿರಿ.

ಜಗಳೂರು_ಓದುಗ

ತುಂಬಾ ಉಪಕಾರವಾಯಿತು. ಅಂಗಡಿಯವರು ನೋಡಿ ಹೇಳಿದರು: ಕೊಂಬಿನ ಗುರುತು ಇದೆ, ಪಕ್ಕದಲ್ಲಿ ‘ಎಚ್‌ಕೆ’. ಮ್ಯಾಗಜೀನ್ ಮೇಲೆ ಬ್ಯಾನರ್ ಇದೆ. ಕಂದು ಕಲೆ ಇರೋ ಜಾಗದಲ್ಲೇ ಪ್ರತಿ ವರ್ಷ ಆಯುಧಪೂಜೆಗೆ ಅರಿಶಿನ, ಕುಂಕುಮ ಹಚ್ಚುತ್ತಿದ್ದರು ಅಂತ ಅಮ್ಮ ಹೇಳಿದರು. ಕಲೆ ಬೆಳೆಯದ ಹಾಗೆ ಏನು ಮಾಡಿಸಲಿ?

ಕೋಟೆ_ಕಲ್ಲು

ಗುರುತು ವರ್ಷಕ್ಕೆ ಸರಿ ಹೊಂದಿದೆ, ಒಳ್ಳೇದು. ಇನ್ನು ನಂಬರ್ ಕೊಟ್ಟು ವಾಲ್ಥರ್ ಕಂಪನಿಗೆ ಬರೆಯಿರಿ. ತಯಾರಾದ ವರ್ಷ, ಆವೃತ್ತಿ ಎರಡನ್ನೂ ಕೇಳಿ.

ಕಲೆಗೆ ಕಾರಣ ನೀರಿನಲ್ಲಿ ಕಲಸಿ ಹಚ್ಚಿದ ಕುಂಕುಮ. ತೇವ ಅಲ್ಲೇ ಕೂತು ತುಕ್ಕು ಹಿಡಿಸುತ್ತೆ. ನಿಂಬೆಹಣ್ಣು ಇಟ್ಟಿದ್ದರೆ ಇನ್ನೂ ಕೆಟ್ಟದು, ಅದರ ಹುಳಿ ಬ್ಲೂಯಿಂಗನ್ನೇ ಕರಗಿಸುತ್ತೆ. ಇನ್ನು ಮುಂದೆ ಪೂಜೆಯನ್ನು ಪೆಟ್ಟಿಗೆಗೆ ಮಾಡಿ. ಅಂಗಡಿಯವರಿಗೆ ಹೇಳಿ ಹತ್ತಿ ಬಟ್ಟೆಗೆ ಎರಡು ಹನಿ ಗನ್ ಆಯಿಲ್ ಹಾಕಿ ಕಲೆಯ ಮೇಲೆ ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಮೆಲ್ಲಗೆ ಒರೆಸಿಸಿ. ಉಕ್ಕಿನ ನಾರು, ಬ್ರಾಸೊ, ಹುಣಸೆಹಣ್ಣು ಯಾವುದೂ ಬೇಡ. ಚಿನ್ನದ ಭಾಗಕ್ಕೆ ಒಣ ಬಟ್ಟೆ ಸಾಕು. ಹಿಡಿಕೆಗೆ ಎಣ್ಣೆ ತಾಗದಿರಲಿ, ಮರ ಎಣ್ಣೆ ಹೀರಿ ಕಪ್ಪಾಗುತ್ತೆ.

ಪೆಟ್ಟಿಗೆಯನ್ನು ಪಿಸ್ತೂಲಿನ ಜೊತೆಗೇ ಉಳಿಸಿ, ಆದರೆ ಮಳೆಗಾಲದಲ್ಲಿ ಪಿಸ್ತೂಲನ್ನು ಅದರೊಳಗೆ ಮುಚ್ಚಿಡಬೇಡಿ. ಒಳಗಿನ ಮೆತ್ತೆ ತೇವ ಹಿಡಿದುಕೊಳ್ಳುತ್ತೆ. ಚರ್ಮದ ಹೋಲ್‌ಸ್ಟರ್ ಕೂಡ ಬೇಡ. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಲು ಅಂಗಡಿಯವರಿಗೆ ಹೇಳಿ.